ಬರೀ ನಿಲ್ಲುವ ಕೆಲಸ

ಭರಮಪ್ಪನ ಬಲಗೈಯಲ್ಲಿ ಈಗ ಹೆಬ್ಬೆರಳು ಮತ್ತು ಕಿರುಬೆರಳು ಮಾತ್ರ ಉಳಿದಿವೆ. ನಡುವಿನ ಮೂರನ್ನು ಒಂದು ಭಾನುವಾರ ಬೆಳಿಗ್ಗೆ, ಕೆಂಗೇರಿಯ ರೈಲು ಹಳಿಯ ಹಿಂದೆ, ಇಪ್ಪತ್ತು ವರ್ಷದ ಹುಡುಗನೊಬ್ಬ ಎಳನೀರು ಕೊಚ್ಚುವ ಮಚ್ಚಿನಿಂದ ಒಂದೇ ಏಟಿಗೆ ತೆಗೆದ. ‘ಬಾಡಿಗೆ ರೌಡಿ, ಆಗಬೇಕಾದ್ದು ಆಯಿತು’ ಎನ್ನುವವರನ್ನು ಕಂಡರೆ ನನಗೆ ಕಪಾಳಕ್ಕೆ ಬಾರಿಸಬೇಕು ಅನ್ನಿಸುತ್ತದೆ. ಒಬ್ಬನಿಗೆ ಬಾರಿಸಿದ್ದೂ ಉಂಟು, ಆರ್‌ಪಿಸಿ ಲೇಔಟಿನ ತರಕಾರಿ ಅಂಗಡಿಯ ಮುಂದೆ, ಚೀಲ ಕೆಳಗಿಟ್ಟು. ಮನೆಗೆ ಬಂದ ಮೇಲೆ ಕೈ ನೋಡಿಕೊಂಡೆ. ಆ ಏಟು ಬೀಳಬೇಕಾಗಿದ್ದದ್ದು ನನಗೆ.

ನಾನು ಶೈಲಾ, ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತೆ. ಭರಮಪ್ಪ ನನ್ನ ಮಗಳು ಮೇಧಾಗೆ ಕುಸ್ತಿ ಕಲಿಸಿದ ವಸ್ತಾದ್. ಹದಿಮೂರರ ಮೇಧಾ ಬಸ್ಸಿನಲ್ಲಿ ಮೈಮುಟ್ಟಿದವನ ಕೈಯನ್ನು ರಕ್ತ ಬರುವಂತೆ ಕಚ್ಚಿ ಮನೆಗೆ ಬಂದು ಗಡಗಡ ನಡುಗಿದ ದಿನ, ಕಚ್ಚುವವಳು ನಡುಗಬಾರದು ಎಂದು ನಾನೇ ಅವಳನ್ನು ಉಲ್ಲಾಳದಲ್ಲಿ ಅವನ ಗರಡಿಯಿದ್ದ ತಗಡಿನ ಶೆಡ್ಡಿಗೆ ಎಳೆದುಕೊಂಡು ಹೋದೆ. ಒಳಗೆ ಕೆಮ್ಮಣ್ಣಿನ ಕಣ. ಮಣ್ಣಿಗೆ ಮಜ್ಜಿಗೆ, ಎಳ್ಳೆಣ್ಣೆ, ಅರಿಸಿನ, ನಿಂಬೆರಸ ಬೆರೆಸಿ ಭರಮಪ್ಪ ವಾರಕ್ಕೊಮ್ಮೆ ಅಗೆಯುತ್ತಿದ್ದ. ಮೊದಲ ದಿನವೇ ಮೇಧಾಳ ಮೂಗು ಒಡೆಯಿತು. ನಾನು ಕಿರುಚಿಕೊಂಡು ಒಳಗೆ ನುಗ್ಗಿದರೆ ಭರಮಪ್ಪ ಅವಳ ಗಲ್ಲ ಹಿಡಿದು, “ರಕ್ತ ಕಂಡು ಹೆದರಬ್ಯಾಡವ್ವಾ, ನಿಂದ ಐತಿ ಅದು” ಎಂದ. ಮೂಗಿನಿಂದ ರಕ್ತ ಸುರಿಯುತ್ತಿದ್ದ ನನ್ನ ಮಗಳು ನಕ್ಕಳು.

ಅವನದು ಹಾವೇರಿ ಕಡೆಯ ಊರು, ಮೂವತ್ತೆಂಟು ವರ್ಷ, ಬಾಗಿಲು ತುಂಬುವ ಮೈ. ಗರಡಿಯಲ್ಲಿ ಮಕ್ಕಳು ಕೊಟ್ಟಷ್ಟನ್ನೇ ತೆಗೆದುಕೊಳ್ಳಬೇಕು, ಕೊಡದವರನ್ನು ಕೇಳುವಂತಿಲ್ಲ. ಹೊಟ್ಟೆಪಾಡಿಗೆ ಕಪ್ಪು ಟೀ ಶರ್ಟು ಹಾಕಿಕೊಂಡು ಮದುವೆ ಛತ್ರ, ಚಿನ್ನದಂಗಡಿಯ ಉದ್ಘಾಟನೆ, ರಾಜಾಜಿನಗರದ ಸೀರೆ ಮಾರಾಟ, ಇಂಥಲ್ಲಿ ಬೌನ್ಸರ್ ಆಗಿ ನಿಲ್ಲುತ್ತಿದ್ದ. ಅದಕ್ಕೂ ಒಂದು ಕಟ್ಟಳೆ. “ತಿಂಗಳಾಗ ಹತ್ತು ದಿನ ಮಂದಿಗೆ, ಇಪ್ಪತ್ತು ದಿನ ಮಣ್ಣಿಗೆ. ಹನ್ನೊಂದನೇ ದಿನ ಕರದ್ರ ನಾ ಊರಾಗ ಇಲ್ರಿ ಅಕ್ಕಾರ” ಎನ್ನುತ್ತಿದ್ದ. ಎರಡನೇ ಕಟ್ಟಳೆ ಇನ್ನೂ ದೊಡ್ಡದು. “ನಾ ನಿಲ್ಲಾಕ ರೊಕ್ಕ ತಗೋತೀನಿ, ಹೊಡ್ಯಾಕಲ್ಲ.” ವಿಜಯನಗರದ ಛತ್ರವೊಂದರಲ್ಲಿ ಕುಡಿದ ಬೀಗನೊಬ್ಬ ಅವನ ಕೆನ್ನೆಗೆ ಚಪ್ಪಲಿಯಲ್ಲಿ ಹೊಡೆದ. ತುಟಿ ಸೀಳಿತು. ಭರಮಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೇ ಇದ್ದ. ಮರುದಿನ ಬೆಳಿಗ್ಗೆ ಐದಕ್ಕೆ ಅದೇ ಊದಿದ ತುಟಿಯಲ್ಲಿ ಮಕ್ಕಳಿಗೆ ಬೈಠಕ್ ಹೊಡೆಸುತ್ತಿದ್ದ.

ಅವನ ಹೆಂಡತಿ ಗುರುದೇವಿ ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ದುಡಿಯುತ್ತಿದ್ದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಗಂಡನನ್ನು ಎದುರಿಗೇ ಆಡಿಕೊಳ್ಳುತ್ತಿದ್ದಳು. ಒಮ್ಮೆ ಖಾಸಗಿ ಶಾಲೆಯೊಂದು ಅವನನ್ನು ಕರೆಯಿತು. ತಿಂಗಳಿಗೆ ಮೂವತ್ತು ಸಾವಿರ, ಪಿಎಫ್ ಬೇರೆ. ಆದರೆ ಮಣ್ಣು ಕೊಳಕು, ಮಣ್ಣಿಲ್ಲದೆ ಡ್ರಿಲ್ ಮಾಡಿಸಬೇಕು, ವ್ಯಾನು ಬರುವ ಹೊತ್ತಿಗೆ ಗೇಟಿನಲ್ಲಿ ಬೆತ್ತ ಹಿಡಿದಿರಬೇಕು ಎಂದರು. ಭರಮಪ್ಪ ಕೈಮುಗಿದು ಬಂದುಬಿಟ್ಟ. ರೊಟ್ಟಿ ಬೇಯಿಸುತ್ತಿದ್ದ ಗುರುದೇವಿ ಕಾದ ಹಂಚನ್ನೇ ಎತ್ತಿ ಬೀಸಿದಳು. ಅದು ಅವನ ಭುಜಕ್ಕೆ ತಗುಲಿ ಚರ್ಮ ಸುಟ್ಟಿತು. ಅವನು ಹಂಚನ್ನು ಎತ್ತಿ ಒಲೆಯ ಮೇಲಿಟ್ಟು, “ಇನ್ನೆರಡು ಬೇಯಿಸು, ಹಸಿವ್ಯಾಗೇತಿ” ಎಂದನಂತೆ. ಹಂಗಿನ ಅರಮನೆಗಿಂತ ಗುಡಿಸಲೇ ಲೇಸು ಎಂಬ ಮಾತನ್ನು ಹೇಳುವವರು ಊರ ತುಂಬ ಇದ್ದಾರೆ. ಹಾಗೆ ಬಾಳಲು ಹೊರಟವನನ್ನು ನಾನು ಕಂಡದ್ದು ಇವನೊಬ್ಬನನ್ನೇ.

ಆದರೆ ಆ ಗುಡಿಸಲಿನ ಜಾಗ ಅವನದಾಗಿರಲಿಲ್ಲ. ಶೆಡ್ಡು ನಿಂತಿದ್ದದ್ದು ರೇವಣಸಿದ್ದಪ್ಪ ಎಂಬ ಸೈಟು ವ್ಯಾಪಾರಿಯ ಜಾಗದಲ್ಲಿ. ಹಣೆ ತುಂಬ ವಿಭೂತಿ, ಮಾತೆಲ್ಲ ಬೆಣ್ಣೆ. ಆರು ವರ್ಷ ಬಾಡಿಗೆ ಕೇಳಿರಲಿಲ್ಲ. ಖಾಲಿ ಸೈಟಿಗೆ ಬೇಲಿ ಹಾಕಿಸುವುದಕ್ಕಿಂತ ಪೈಲವಾನರನ್ನು ಬಿಡುವುದು ಅಗ್ಗ ಎಂಬುದು ಆತನ ಲೆಕ್ಕವಿದ್ದೀತು, ನಮಗೆ ಆಗ ಹೊಳೆದಿರಲಿಲ್ಲ. ಈ ವರ್ಷ ಅಲ್ಲಿ ವಿದ್ಯಾರ್ಥಿಗಳ ಪಿಜಿ ಕಟ್ಟುತ್ತೇನೆ ಎಂದ. ಮೇಧಾಳ ರಾಜ್ಯಮಟ್ಟದ ಆಯ್ಕೆಗೆ ಐದು ವಾರ ಉಳಿದಿತ್ತು. ಆಮೇಲೆ ಆತನೇ ದಾರಿಯನ್ನೂ ತೋರಿಸಿದ. ಕೆಂಗೇರಿಯ ಹತ್ತಿರ ಆತ ಕೊಂಡಿದ್ದ ಜಾಗದಲ್ಲಿ ನರಸಮ್ಮ ಎಂಬಾಕೆ ಶೀಟಿನ ಮನೆ ಕಟ್ಟಿಕೊಂಡು ಹಸು ಸಾಕಿದ್ದಾಳೆ, ಬಿಡುತ್ತಿಲ್ಲ. ಭಾನುವಾರ ಹುಡುಗರು ಹೋಗಿ ಬಿಡಿಸುತ್ತಾರೆ, ಭರಮಪ್ಪ ಗೇಟಿನಲ್ಲಿ ಒಂದು ಗಂಟೆ ನಿಂತರೆ ಸಾಕು. ಕೈ ಎತ್ತುವುದು ಬೇಡ. ಅದಕ್ಕೆ ಪ್ರತಿಯಾಗಿ ಗರಡಿಯ ಜಾಗ ಹತ್ತು ವರ್ಷಕ್ಕೆ ಗುತ್ತಿಗೆ. ಭಾನುವಾರವೇ ಏಕೆಂದರೆ ಅಂದು ಕೋರ್ಟಿನಲ್ಲಿ ತಡೆಯಾಜ್ಞೆ ಸಿಗುವುದಿಲ್ಲ.

ಆ ಗುತ್ತಿಗೆಯ ಕಾಗದ ಓದಿಸಲು ಭರಮಪ್ಪ ನನ್ನನ್ನು ಮನೆಗೆ ಕರೆದ. ಓದಿದೆ. ಕಾಗದ ಸರಿಯಾಗಿಯೇ ಇತ್ತು.

“ಅಕ್ಕಾರ, ಮನಸು ಒಪ್ಪವಲ್ದು” ಎಂದ.

“ಹೋಗಬ್ಯಾಡ್ರಿ. ಗರಡಿ ಹೋದ್ರ ಹೋಗ್ಲಿ” ಎಂದಳು ಗುರುದೇವಿ. ಸಂಬಳ ಬಿಟ್ಟು ಬಂದದ್ದಕ್ಕೆ ಹಂಚು ಬೀಸಿದವಳು ಹಾಗೆಂದಳು.

ನಾನು ಏನೆಂದೆ ಎಂಬುದನ್ನು ಇಲ್ಲಿ ಬರೆಯಲೇಬೇಕು. “ನಿಲ್ಲೋದು ತಾನೇ ಭರಮಪ್ಪ? ಛತ್ರದಲ್ಲಿ ನಿಲ್ತೀರ, ಸೀರೆ ಅಂಗಡೀಲಿ ನಿಲ್ತೀರ. ಇಲ್ಲೂ ಒಂದ್ ಗಂಟೆ ನಿಂತ್ಕೊಳಿ. ಮಕ್ಳಿಗೆ ಹತ್ತು ವರ್ಷ ಮಣ್ಣು ಸಿಗತ್ತೆ.” ಮಕ್ಕಳು ಎಂದೆ. ನನ್ನ ಕಣ್ಣಲ್ಲಿದ್ದದ್ದು ಒಂದೇ ಮಗು.

ಗುರುದೇವಿ ನನ್ನನ್ನೇ ನೋಡಿದಳು. “ನೀವು ಓದಿದವ್ರು, ಅಕ್ಕಾರ” ಎಂದಷ್ಟೇ ಹೇಳಿ ಒಳಗೆ ಹೋದಳು.

ಆ ಭಾನುವಾರ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಭರಮಪ್ಪ ಹೇಳಿದ್ದೂ ನರಸಮ್ಮ ಹೇಳಿದ್ದೂ ಒಂದಕ್ಕೊಂದು ಹೊಂದುತ್ತವೆ. ಹನ್ನೆರಡು ಹುಡುಗರು, ಒಂದು ಜೆಸಿಬಿ. ಹುಡುಗರು ಮೊದಲು ಹಾಲಿನ ಕ್ಯಾನು ಒದ್ದರು, ಅಂಗಳವೆಲ್ಲ ಬೆಳ್ಳಗಾಯಿತು. ಹಸುವಿನ ಹಗ್ಗ ಕೊಯ್ದು ಬೆನ್ನಿಗೆ ರಾಡಿನಿಂದ ಹೊಡೆದು ಓಡಿಸಿದರು. ಅಡ್ಡ ಬಂದ ನರಸಮ್ಮನ ಜಡೆ ಹಿಡಿದು ಒಬ್ಬ ಎಳೆದ. ಆಕೆಯ ಹಣೆ ಹೊಸ್ತಿಲಿಗೆ ಬಡಿಯಿತು. ಗೇಟಿನಲ್ಲಿ ನಿಂತಿದ್ದ ಭರಮಪ್ಪ “ಏ ತಮ್ಮಾ, ಹೆಣ್ಮಕ್ಕಳ ಮೈ ಮುಟ್ಟಬ್ಯಾಡ” ಎಂದು ಕೂಗಿದ. ಕೂಗಿದನೇ ಹೊರತು ಜಾಗ ಬಿಟ್ಟು ಕದಲಲಿಲ್ಲ. ಇದನ್ನು ಹೇಳುವಾಗ ಅವನ ಧ್ವನಿ ಒಡೆದಿತ್ತು.

ಆಗ ಒಳಗಿನಿಂದ ಆಕೆಯ ಮಗ ಮುತ್ತುರಾಜ ಮಚ್ಚು ಹಿಡಿದು ಹೊರಗೆ ಬಂದ. ಹನ್ನೆರಡು ಜನರಲ್ಲಿ ಒಬ್ಬನನ್ನೂ ನೋಡದೆ ನೇರ ಭರಮಪ್ಪನ ಮೇಲೆ ಬಂದ. ಭರಮಪ್ಪ ಬಗ್ಗಿ ಸೊಂಟಕ್ಕೆ ಕೈಹಾಕಿ ಎತ್ತಿ ಒಗೆದ. ಹುಡುಗ ಅಂಗಾತ ಬಿದ್ದ.

ಮೂವತ್ತು ವರ್ಷ ಮಣ್ಣಿನಲ್ಲಿ ಬೆಳೆದವನ ಮೈಗೆ ಒಂದೇ ಕಾನೂನು ಗೊತ್ತು. ಎದುರಾಳಿಯ ಬೆನ್ನು ನೆಲ ಮುಟ್ಟಿತೆಂದರೆ ಕುಸ್ತಿ ಮುಗಿಯಿತು, ಗೆದ್ದವನು ಸೋತವನಿಗೆ ಕೈಕೊಟ್ಟು ಎಬ್ಬಿಸಬೇಕು. ಬೀದಿಯಲ್ಲಿ ಬೆಳೆದ ಯಾವ ರೌಡಿಯೂ ಮಾಡದ ತಪ್ಪನ್ನು ಭರಮಪ್ಪ ಮಾಡಿದ. ಹಿಡಿತ ಬಿಟ್ಟು, ಬಗ್ಗಿ, ಬಲಗೈ ಚಾಚಿದ.

ಹುಡುಗ ಮಲಗಿದಲ್ಲಿಂದಲೇ ಬೀಸಿದ. ಬೆರಳುಗಳು ಚೆಲ್ಲಿದ ಹಾಲಿನಲ್ಲಿ ಬಿದ್ದವು.

ಅಷ್ಟರಲ್ಲಿ ರೇವಣಸಿದ್ದಪ್ಪನ ಹುಡುಗರೆಲ್ಲ ಮುತ್ತುರಾಜನ ಮೇಲೆ ಮುಗಿಬಿದ್ದರು. ಮೊದಲ ಏಟಿಗೆ ಮೊಣಕಾಲಿನ ಚಿಪ್ಪು ಒಡೆಯಿತು, ಎರಡನೆಯದಕ್ಕೆ ಪಕ್ಕೆಲುಬು. ಮೂರನೆಯದು ತಲೆಗೆ ಬೀಳುತ್ತಿತ್ತು. ಭರಮಪ್ಪ ರಕ್ತ ಕಾರುವ ಕೈಯೊಂದಿಗೆ ಹುಡುಗನ ಮೇಲೆ ಅಡ್ಡ ಬಿದ್ದ. ರಾಡುಗಳು ಅವನ ಬೆನ್ನ ಮೇಲೆ ಬಿದ್ದವು, ಎಷ್ಟು ಎಂದು ಅವನು ಎಣಿಸಲಿಲ್ಲ. ಒಬ್ಬನ ಮುಂಗೈಯನ್ನು ಎಡಗೈಯಲ್ಲಿ ಹಿಡಿದು ತಿರುಚಿದ, ಮೂಳೆ ಲಟಕ್ಕೆಂದಿತು. ಬಾಡಿಗೆಗೆ ನಿಲ್ಲುವ ಕೆಲಸದಲ್ಲಿ ಅವನು ಒಬ್ಬನ ಮೂಳೆ ಮುರಿದದ್ದು ಆ ಒಂದು ದಿನ, ಅದೂ ತನ್ನ ಕಡೆಯವನದು. ಅಕ್ಕಪಕ್ಕದವರು ಕಲ್ಲು ತೂರತೊಡಗಿದ ಮೇಲೆ ಹುಡುಗರು ಓಡಿದರು.

ಇಬ್ಬರನ್ನೂ ಒಂದೇ ಆಸ್ಪತ್ರೆಗೆ ಸೇರಿಸಿದರು. ಭರಮಪ್ಪ ಮೇಲಿನ ವಾರ್ಡಿನಲ್ಲಿ, ಮುತ್ತುರಾಜ ಕೆಳಗೆ ಪೊಲೀಸ್ ಕಾವಲಿನಲ್ಲಿ. ಸೋಮವಾರ ಬೆಳಿಗ್ಗೆ ರೇವಣಸಿದ್ದಪ್ಪ ಮೂಸಂಬಿ ಹಿಡಿದುಕೊಂಡು ಬಂದ.

“ನೀವು ಆ ದಾರೀಲಿ ಸುಮ್ನೆ ಹೋಗ್ತಾ ಇದ್ರಿ. ಆ ಹುಡುಗ ಮಚ್ಚು ಬೀಸಿದ. ಹೇಳಿಕೇಲಿ ಅಷ್ಟೇ ಹೇಳಿ. ಗುತ್ತಿಗೆ ಪತ್ರ ರೆಡಿ ಇದೆ, ಆಸ್ಪತ್ರೆ ಖರ್ಚು ನಂದು. ಇಲ್ಲಾಂದ್ರೆ ನಿಮ್ಮ ಮೇಲೂ ಕೇಸು, ಗರಡೀನೂ ಇಲ್ಲ.”

ಭರಮಪ್ಪ ಒಪ್ಪಿಕೊಳ್ಳಲಿ ಎಂದು ನಾನು ಒಳಗೊಳಗೇ ಹರಕೆ ಹೊತ್ತೆ. ಈಗಲೂ ನಾಚಿಕೆಯಾಗುತ್ತದೆ.

ಆತ ಹೋದ ಮೇಲೆ ನರಸಮ್ಮ ಮೆಟ್ಟಿಲು ಹತ್ತಿ ಬಂದಳು, ಹಣೆಗೆ ಬ್ಯಾಂಡೇಜು. ಮಗನನ್ನು ಉಳಿಸಿದ್ದಕ್ಕೆ ಕೈಮುಗಿಯಲು ಬಂದಿದ್ದಾಳೆ ಎಂದುಕೊಂಡೆ.

“ಅಂವ ಮೈಮ್ಯಾಲ ಬರೂತನಕ ನಾ ಕೈ ಎತ್ತಿದ್ದಿಲ್ಲಬೇ ಯವ್ವಾ. ನಾ ಸುಮ್ನ ನಿಂತಿದ್ದೆ” ಎಂದ ಭರಮಪ್ಪ.

“ಆ ಹೈಕ್ಳು ಮುಂಚೆ ಎರಡ್ ಸಲ ಬಂದಿದ್ರು ಕಣಪ್ಪ. ನನ್ ಮಗ ಕಲ್ಲು ಹೊಡ್ದು ಓಡ್ಸಿದ್ದ. ಮಚ್ಚು ಮುಟ್ಟಿರ್ಲಿಲ್ಲ. ಅವತ್ತು ನೀನ್ ನಿಂತಿರೋದ್ ನೋಡಿ, ಇವ್ನು ನಮ್ಮನ್ನ ಸಾಯಿಸ್ತಾನೆ ಕಣಮ್ಮೋ ಅಂತ ಮಚ್ಚು ತಗಂಡ. ನೀನ್ ನಿಂತಿದ್ಕೇ ನನ್ ಮಗ ಜೈಲಿಗೋಯ್ತಾ ಅವ್ನೆ.”

ಬೈಯಲಿಲ್ಲ, ಅಳಲಿಲ್ಲ. ಹೇಳಿ ಇಳಿದು ಹೋದಳು. ಭರಮಪ್ಪ ಗೋಡೆಯ ಕಡೆ ತಿರುಗಿ ಮಲಗಿದ. ಆ ದೊಡ್ಡ ಬೆನ್ನು ಅಲುಗುತ್ತಿತ್ತು.

ಸಂಜೆ ಹೇಳಿಕೆ ಬರೆದುಕೊಳ್ಳಲು ಪೊಲೀಸರು ಬಂದರು. ಭರಮಪ್ಪ ಎದ್ದು ಕೂತ. “ನಾ ಬಾಡಿಗಿಗೆ ಹೋಗಿದ್ದೆ ಸಾಹೇಬ್ರ. ಮನಿ ಒಡ್ಯಾಕ ಹೋದವ್ರ ಜೋಡಿ ಇದ್ದೆ. ಆ ಹುಡುಗ ತನ್ನ ಮನಿ ಉಳಿಸ್ಕೊಂಡ” ಎಂದ. ಬೆರಳು ಹೋದದ್ದನ್ನೂ ತಾನು ಮುರಿದ ಕೈಯನ್ನೂ ಬಿಡದೆ ಹೇಳಿದ.

“ಹೋಗು ಅಂತ ಹೇಳಿದ್ದು ಯಾರು?”

“ರೇವಣಸಿದ್ದಪ್ಪ.”

“ಬೇರೆ ಯಾರಾದ್ರೂ ಹೇಳಿದ್ರಾ?”

ಮಂಚದ ಈ ಕಡೆ ನಾನು, ಆ ಕಡೆ ಗುರುದೇವಿ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬಗ್ಗಿ ಮೂಸಂಬಿಯ ಚೀಲವನ್ನು ಮಂಚದ ಕೆಳಗೆ ಸರಿಸಿದೆ.

“ಯಾರೂ ಇಲ್ರಿ. ನನ್ನ ಕಾಲಿಲೇ ನಾನ ಹೋದೆ” ಎಂದ ಭರಮಪ್ಪ.

ಅವನ ಮೇಲೂ ಕೇಸು ಬಿತ್ತು, ಈಗ ಜಾಮೀನಿನಲ್ಲಿದ್ದಾನೆ. ಅವನ ಹೇಳಿಕೆಯಿಂದಾಗಿ ಮುತ್ತುರಾಜನಿಗೂ ಜಾಮೀನು ಸಿಕ್ಕಿತು. ಹೇಳಿಕೆಯ ಮರುದಿನ, ಮಂಗಳವಾರ ಬೆಳಿಗ್ಗೆ, ಉಲ್ಲಾಳದ ಗರಡಿಯ ಮೇಲೆ ಜೆಸಿಬಿ ಓಡಿತು. ಮೇಧಾ ಅದನ್ನು ನೋಡಿ ಕೆಂಡದಂಥ ಮುಖ ಹೊತ್ತು ಮನೆಗೆ ಬಂದಳು.

“ವಸ್ತಾದ್ ಯಾಕಮ್ಮ ಅಲ್ಲಿಗೆ ಹೋದ್ರು? ಹೋಗ್ಬೇಡಿ ಅಂತ ಒಬ್ರೂ ಹೇಳ್ಲಿಲ್ವಾ?”

“ಗುರುದೇವಿ ಹೇಳಿದ್ಲು ಕಣೇ.”

“ನೀನು?”

“ನಾನೂ ಬೇಡ ಅಂದೆ” ಎಂದೆ.

ಅವಳು ನಂಬಿದಳು.