ಓಣಿ ಎಬ್ಬಿಸಿದ ಮಾತು

ಅಫಜಲಪುರದ ಶಾಲೆಯಲ್ಲಿ ಮಕ್ಕಳಿಗೆ ಭಾಷಣ ಕಲಿಸುವವಳು ನಾನು. ಜನರನ್ನು ಒಪ್ಪಿಸುವುದು ನನಗೆ ಗೊತ್ತು ಅಂದುಕೊಂಡಿದ್ದೆ. ಒಂದು ಮಳೆಗಾಲ ಮಣ್ಣೂರಿನ ದೊಡ್ಡವ್ವನ ಮನೆಯಲ್ಲಿದ್ದಾಗ ಭೀಮಾ ನದಿ ಏರತೊಡಗಿತು. ಹೊಳೆದಂಡೆಯ ಓಣಿಯವರು ಮನೆ ಬಿಡಬೇಕೆಂದು ಅಧಿಕಾರಿಯೊಬ್ಬರು ಮೈಕಿನಲ್ಲಿ ನೀರಿನ ಮಟ್ಟದ ಅಂಕಿ ಹೇಳಿದರು, ಹೆದರಿಸಿದರು, ಕಡೆಗೆ ಕೈ ಮುಗಿದರು. ಒಬ್ಬರೂ ಕಟ್ಟೆ ಬಿಟ್ಟು ಏಳಲಿಲ್ಲ. ನಾನೂ ಮೈಕು ಇಸಿದುಕೊಂಡು ಮಾತಾಡಿದೆ. ಎದುರಿಗೆ ಕೂತವನೊಬ್ಬ ಆಕಳಿಸಿದ.

ಆಗ ದೊಡ್ಡವ್ವ ಸೆರಗು ಸರಿಮಾಡಿಕೊಳ್ಳುತ್ತ ಅಂಗಳದಿಂದಲೇ ಹೇಳಿದಳು: "ಭೀಮವ್ವ ತವರಿಗಿ ಬರಾಕತ್ತಾಳ್ರಿ. ಮನಿಮಗಳು ಬಂದ್ರ ಜಾಗ ಬಿಡಬೇಕಲ್ರಿ?"

ಮೊದಲು ಒಬ್ಬ ಮುದುಕ ಎದ್ದು ದನ ಬಿಚ್ಚಿದ. ನೋಡನೋಡುತ್ತಿದ್ದಂತೆ ಹಾಸಿಗೆ, ಪಾತ್ರೆ, ಕೂಸುಗಳನ್ನು ಎತ್ತಿಕೊಂಡು ಓಣಿಯೆಲ್ಲ ಎತ್ತರದ ಶಾಲೆಯ ಕಡೆ ನಡೆಯಿತು. ಎಂಥ ಉಪಾಯದ ಮಾತು ಹುಡುಕಿದಳು ಅಂದುಕೊಳ್ಳುತ್ತ ನಾನು ಮನೆಯ ಬಾಗಿಲು ಎಳೆದು ಕೀಲಿ ಹಾಕಹೋದೆ.

ದೊಡ್ಡವ್ವ ನನ್ನ ಕೈ ಹಿಡಿದಳು. ತವರಿಗೆ ಬರುವ ಮಗಳ ಉಡಿ ತುಂಬಲೆಂದು ಹೊಸ್ತಿಲ ಒಳಗೆ ಅಕ್ಕಿ, ಕುಪ್ಪಸದ ಖಣ ಇಟ್ಟಿದ್ದಳು.

"ಕೀಲಿ ಹಾಕಬ್ಯಾಡ ಬೇ," ಅಂದಳು. "ಬಂದಾಕಿ ಹೊರಗ ನಿಂದರಬಾರದು."