ಪಂಚಮಿಗೆ ಒಣಗದ ಡ್ಯಾಶ್‌ಬೋರ್ಡು

ನಮ್ಮ ಮನೆಯವರ ಕೈಯಲ್ಲಿ ಕಸುಬು ಇರಲಿಲ್ಲ ಎಂದು ನಾನು ಯಾವತ್ತೂ ಅನ್ನುವುದಿಲ್ಲ. ಇಚಲಕರಂಜಿಯ ಶಹಾಪುರದಲ್ಲಿ ಯಾವ ಶೆಡ್ಡಿನಲ್ಲಿ ಮಗ್ಗ ನಿಂತರೂ ಇವರಿಗೇ ಕರೆ ಬರುತ್ತಿತ್ತು. ಇವರು ಕೈ ಹಚ್ಚಿದರೆ ಮತ್ತೆ ಖಟಖಟ ಶುರುವಾಗುತ್ತಿತ್ತು. ಆದರೆ ಕೈಗೆ ಬಂದ ಬುದ್ಧಿ ತಲೆಯ ತನಕ ಏರಿರಲಿಲ್ಲ. ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನುತ್ತಾರಲ್ಲ, ಆ ಮಾತನ್ನು ನಮ್ಮ ಮನೆ ನೋಡಿಯೇ ಕಟ್ಟಿರಬೇಕು.

ಎಂಬತ್ತರ ದಶಕದ ಶುರುವಿನ ಮಾತು. ಮಗ್ಗದ ಮಾಲಕನೊಬ್ಬ ತನ್ನ ಶೆಡ್ಡಿನ ಹಿಂದೆ ಬಿದ್ದಿದ್ದ ಹಳೆಯ ವಿಲಾಯತಿ ಕಾರನ್ನು ಗುಜರಿಗೆ ಹಾಕುವವನಿದ್ದ. ಅದರ ಸೀಟಿನ ಮೇಲೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ನಮ್ಮವರು ಕೋಳಿಗಳನ್ನು ಓಡಿಸಿ ಕಾರನ್ನು ಮನೆಗೆ ತಂದರು. ಎರಡು ಕೋಣೆಯ ಮನೆ, ಮುಂದೆ ಗಟಾರ, ಗಟಾರದ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಕಾರು. ನಾನು ನೀರಿಗೆ ಹೊರಟರೆ ಅದರ ಮೂತಿಯನ್ನು ನನ್ನ ಸೀರೆಯಿಂದ ಒರೆಸಿಕೊಂಡೇ ದಾಟಬೇಕಿತ್ತು. ಸುಳ್ಳು ಹೇಳಬಾರದು, ಕೆಲವೇ ವಾರಗಳಲ್ಲಿ ಆ ಕಾರು ಓಡಿತು. ಕೆಮ್ಮುತ್ತ, ಹೊಗೆ ಉಗುಳುತ್ತ, ಊರೆಲ್ಲ ಸುತ್ತಿ ಬಂತು. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ನಾಲ್ಕು ಮಂದಿಯ ಹಾಗೆ ಗಂಡನನ್ನು ಹೊಗಳಿಕೊಂಡು ಇರುತ್ತಿದ್ದೆ.

ನನ್ನ ತವರು ಗಡಹಿಂಗ್ಲಜ. ನಮ್ಮ ಕಡೆ ನಾಗರಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು. ಯಾರೂ ಬಾರದಿದ್ದರೆ ಓಣಿಯ ಹೆಂಗಸರು ಬೇಕೆಂದೇ ಬಾಗಿಲಿಗೆ ಬಂದು, ಕರೆಯಲು ಯಾರೂ ಬರಲಿಲ್ಲವೇ ಎಂದು ಕೇಳುತ್ತಾರೆ. ತವರಿನ ಅಂಗಳದಲ್ಲಿ ಒಂದು ಬೇವಿನ ಮರವಿತ್ತು. ರಸ್ತೆಯ ಕಡೆ ಚಾಚಿದ್ದ ಅದರ ದಪ್ಪ ಟೊಂಗೆಗೆ ಅಪ್ಪ ಪ್ರತಿ ಪಂಚಮಿಗೂ ತಾನೇ ಹತ್ತಿ ಜೋಕಾಲಿ ಕಟ್ಟುತ್ತಿದ್ದ. ನನಗೆ ಮದುವೆಯಾದ ಮೇಲೂ ಮೊದಲು ನನ್ನನ್ನೇ ಕೂಡಿಸಿ ತೂಗುತ್ತಿದ್ದ. ಅಪ್ಪ ತೀರಿಕೊಂಡ ವರ್ಷ ಆ ಮನೆಯಲ್ಲಿ ಹಬ್ಬ ಆಗಲಿಲ್ಲ. ಈ ಸಲ ಅವ್ವ ಹೇಳಿಕಳಿಸಿದ್ದಳು: "ನಿಮ್ಮಪ್ಪ ಹ್ವಾದ ಮ್ಯಾಲ ಮಾಡೂ ಮೊದಲನೇ ಪಂಚಮಿ ಇದು. ನೀ ಬಂದು ಜೋಕಾಲಿ ಆಡಿದ್ರ ಮನಿಗೆ ಕಳಾ ಬರತೈತಿ. ತಪ್ಪಸಬ್ಯಾಡ ಮಗಳ." ಏನೇ ಆದರೂ ಹೋಗಲೇಬೇಕೆಂದು ನಾನು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಆಷಾಢದಲ್ಲಿ ನಮ್ಮವರು ಕಾರಿನ ಸಾಮಾನು ತರಲು ಕೊಲ್ಲಾಪುರಕ್ಕೆ ಹೋದರು. ಬೆಲ್ಲದ ಪೇಟೆಯಲ್ಲಿ ನನ್ನ ಅಣ್ಣ ಎದುರಾಗಿ, ತಂಗಿಯನ್ನು ಕರೆಯಲು ಯಾವಾಗ ಬರಲಿ ಎಂದು ಕೇಳಿದನಂತೆ. ಇವರು ಎದೆ ಉಬ್ಬಿಸಿ ಹೇಳಿದ್ದನ್ನು ಮನೆಗೆ ಬಂದು ನನ್ನ ಮುಂದೆಯೂ ಹೇಳಿಕೊಂಡರು.

"ನೀವ್ಯಾಕ ಬರ್ತೀರಿ ಅಂದೆ. ನಿಮ್ಮ ತಂಗೀನ ನಮ್ಮ ಸ್ವಂತ ಗಾಡ್ಯಾಗ ತಂದು ಬಾಗಲಿಗೆ ಇಳಸ್ತೇನಿ, ಗಾಡಿ ನಿಂದರಾಕ ಅಷ್ಟ ಜಾಗಾ ಮಾಡಿ ಇಡ್ರಿ ಅಂದೆ!"

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು.

ಅದೇ ಕೊಲ್ಲಾಪುರದಲ್ಲಿ ಇವರು ಇನ್ನೊಂದು ರೋಗವನ್ನೂ ಹಚ್ಚಿಕೊಂಡು ಬಂದಿದ್ದರು. ಯಾವುದೋ ಶೆಡ್ಡಿನಲ್ಲಿ ಗಾಜಿನ ನಾರಿನ ಮೇಲೆ ರೆಸಿನ್ ಎಂಬ ಅಂಟು ಸವರಿ ನೀರಿನ ಟಾಕಿ ಮಾಡುತ್ತಿದ್ದರಂತೆ. ಫೈಬರ್‌ಗ್ಲಾಸು! ಅರ್ಧ ದಿನ ಬಾಯಿ ತೆರೆದು ನಿಂತು ನೋಡಿದವರು ಸಂಜೆ ಹೊತ್ತಿಗೆ ಪಂಡಿತರಾಗಿ ಮರಳಿದರು. ಕಾರಿನ ಡ್ಯಾಶ್‌ಬೋರ್ಡು ಕಟ್ಟಿಗೆಯದು, ಗೆದ್ದಲು ತಿಂದಿತ್ತು. ಆದರೆ ಮೀಟರು, ಸ್ವಿಚ್ಚು, ಚಾವಿ ಎಲ್ಲ ಅದರಲ್ಲೇ ನೇತಾಡಿಕೊಂಡು ಕೆಲಸ ಮಾಡುತ್ತಿದ್ದವು.

"ಮಾವನ ಮನಿಗೆ ಹೋಗೋ ಗಾಡಿಗೆ ಒಂದ ಚಂದನ ಮಾರಿ ಬ್ಯಾಡೇನ?" ಎಂದರು.

"ಗಾಡಿ ಓಡತೈತಲ್ರಿ, ಇನ್ನೇನ ಬೇಕು? ಮಂದಿ ಹೊರಗಿಂದ ನೋಡತಾರ, ಒಳಗ ಹೊಕ್ಕ ನೋಡತಾರೇನ?"

"ನಿನಗೇನ ತಿಳೀತೈತಿ, ಸುಮ್ಮಕಿರು. ವಿಮಾನದಾಗ ಇರತೈತಲ್ಲ, ಹಂಗ ಮಾಡತೇನಿ."

ವಿಮಾನವನ್ನು ಇವರು ಆಕಾಶದಲ್ಲಿ ಹೋಗುವಾಗ ಕೆಳಗಿನಿಂದ ನೋಡಿದ್ದರು, ಅಷ್ಟೇ. ಮರುದಿನ ಬೆಳಗ್ಗೆ ಸುತ್ತಿಗೆ ತೆಗೆದುಕೊಂಡು ಹಳೆಯ ಹಲಗೆ ಒಡೆದರು, ಮೀಟರು ಕಿತ್ತರು, ತಂತಿ ಕಿತ್ತರು. ಓಡುತ್ತಿದ್ದ ಕಾರು ಅವತ್ತು ಸತ್ತಿತು.

ಆ ಡ್ಯಾಶ್‌ಬೋರ್ಡಿನಲ್ಲಿ ಏನೇನು ಬರಬೇಕಿತ್ತು ಕೇಳಿ. ದೇವಿಯನ್ನು ಇಡಲು ಒಂದು ಗೂಡು. ಎಲೆ-ಅಡಿಕೆಯ ಡಬ್ಬಿಗೆ ಒಂದು ತಗ್ಗು. ನಮ್ಮಲ್ಲಿ ಇಲ್ಲದ ರೇಡಿಯೋಕ್ಕೆ ಒಂದು ಕಿಂಡಿ. ಇವರು ಎಂದೂ ಹಾಕದ ಕನ್ನಡಕಕ್ಕೆ ಬೇರೆಯದೇ ಜಾಗ. ನನ್ನ ಅಡುಗೆಮನೆಯಲ್ಲಿ ನಾಲ್ಕು ಡಬ್ಬಿ ಇಡಲು ಒಂದು ಫಳಿ ಹೊಡೆದುಕೊಡಿ ಎಂದು ಮದುವೆಯಾದಾಗಿನಿಂದ ಬೇಡಿಕೊಳ್ಳುತ್ತಿದ್ದೆ, ಅದು ಆಗಿರಲಿಲ್ಲ. ಮೂಗಿಗಿಂತ ಮೂಗುತಿ ಭಾರ ಎಂದು ನಾನಂದರೆ, ನನಗೆ ಕಲೆಯ ಕದರು ಗೊತ್ತಿಲ್ಲವಂತೆ.

ಮೊದಲ ಸಲ ಹಿಂದಿನ ವರ್ಷದ ಗಣಪತಿ ಮಂಟಪದ ಥರ್ಮಾಕೋಲ್ ತಂದು ಕೊರೆದು ಆಕಾರ ಮಾಡಿದರು. ನೋಡಲು ಚಂದವೇ ಇತ್ತು, ಅನ್ನಬೇಕು. ಅದರ ಮೇಲೆ ಗಾಜಿನ ನಾರು ಹಾಸಿ ರೆಸಿನ್ ಸುರಿದದ್ದೇ ತಡ, ಥರ್ಮಾಕೋಲ್ ಸುಯ್ ಎಂದು ಕರಗತೊಡಗಿತು. ದೇವಿಯ ಗೂಡು ಹೋಯಿತು, ರೇಡಿಯೋ ಹೋಯಿತು, ಕನ್ನಡಕ ಹೋಯಿತು. ಕೊನೆಗೆ ಉಳಿದದ್ದು ಎಮ್ಮೆ ಹಾಕಿದ ಸಗಣಿಯ ಹಾಗಿತ್ತು. ರೆಸಿನ್ನು ಥರ್ಮಾಕೋಲನ್ನು ತಿನ್ನುತ್ತದೆ ಎಂಬುದನ್ನು ಕೊಲ್ಲಾಪುರದ ಶೆಡ್ಡಿನವರು ಹೇಳಿರಲಿಲ್ಲವಂತೆ. ಇವರು ಕೇಳಿದ್ದರೆ ತಾನೆ ಹೇಳುವುದು! ಪಕ್ಕದ ಮನೆಯ ಮರಾಠಿ ಬಾಯಿ ದಿನಾ ಗೋಡೆಯಾಚೆಯಿಂದ ಕೂಗುತ್ತಿದ್ದಳು: "ಕಾಯ್ ವಹಿನಿ, ವಿಮಾನ ಕಧೀ ಉಡಣಾರ?" ಹಾರುವ ದಿನ ನಿನಗೇ ಮೊದಲು ಹೇಳುತ್ತೇನೆ ತಾಯಿ ಎಂದು ನಾನು ಹಲ್ಲು ಕಡಿಯುತ್ತಿದ್ದೆ.

ಎರಡನೇ ಸಲ ಕುಂಬಾರನ ಮಣ್ಣು ತಂದು ಅಚ್ಚು ಮಾಡಿ, ಮೇಲೆ ಮೇಣ ತಿಕ್ಕಿದರು. ಅಷ್ಟೊತ್ತಿಗೆ ಶ್ರಾವಣ ಬಂದಿತ್ತು, ಮಳೆ ಜಿಟಿಜಿಟಿ ಹಿಡಿದಿತ್ತು. ಹೊರಗೆ ಒದ್ದೆ ಎಂದು ಎಲ್ಲವನ್ನೂ ನನ್ನ ಒಳಕೋಣೆಗೆ ತಂದರು. ಗಾಜಿನ ನಾರು ಹಾಸಿಗೆಯಲ್ಲಿ, ತಲೆಯಲ್ಲಿ, ಕುಪ್ಪಸದಲ್ಲಿ. ಅತ್ತೆಯೂ ನಾನೂ ಎದುರುಬದುರು ಕುಳಿತು ಮೈ ಕೆರೆದುಕೊಳ್ಳುತ್ತಿದ್ದೆವು. ಪಂಚಮಿಗೆ ಮೊದಲು ರೊಟ್ಟಿ ಬಡಿದಿಡುವ ದಿನ, ನಾದಿದ ಹಿಟ್ಟಿನಲ್ಲಿ ಮಿಣಮಿಣ ಹೊಳೆಯುವ ಎಳೆಗಳು ಕಂಡವು. ಅಷ್ಟೂ ಹಿಟ್ಟನ್ನು ಗಟಾರಕ್ಕೆ ಸುರಿದು ಮತ್ತೆ ನಾದಿದೆ. ಇವರು ಅದನ್ನೂ ನೋಡಲಿಲ್ಲ. ಡ್ಯಾಶ್‌ಬೋರ್ಡಿಗೆ ಬೆರಳು ಹಚ್ಚಿ ಹಚ್ಚಿ ನೋಡುತ್ತಿದ್ದರು. ಬೆರಳು ಅಂಟುತ್ತಿತ್ತು. ರೆಸಿನ್ ಗಟ್ಟಿಯಾಗಲು ಬೆರೆಸುವ ಔಷಧವನ್ನು ಮೊದಲ ಸಲವೇ ಬೇಕಾಬಿಟ್ಟಿ ಸುರಿದು, ಎರಡನೆಯದಕ್ಕೆ ಬಾಟಲಿಯ ತಳದಲ್ಲಿ ಉಳಿದದ್ದನ್ನಷ್ಟೇ ಹಾಕಿದ್ದರು. ಮೇಲಿಂದ ಈ ಮಳೆಗಾಲದ ತೇವ. ಒಣಗುವುದೆಲ್ಲಿಂದ ಬರಬೇಕು?

ಪಂಚಮಿಯ ಹಿಂದಿನ ದಿನ, ನಾಗರಚೌತಿಗೇ ಹೊರಡಬೇಕಿತ್ತು, ಹೊರಡಲಿಲ್ಲ. ಪಂಚಮಿಯ ಬೆಳಗ್ಗೆ ನಾನು ಹೊಸ ಸೀರೆ ಉಟ್ಟು, ಕೈಚೀಲ ಕಟ್ಟಿಕೊಂಡು ಹೊಸ್ತಿಲಲ್ಲಿ ಕೂತೆ. ಇವರು ಆ ಅಂಟು ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಡುಗೆಮನೆಗೆ ನುಗ್ಗಿದರು.

"ಒಲಿ ಹಚ್ಚು. ಸ್ವಲ್ಪ ಕಾಸಿದ್ರ ಗಟ್ಟಿ ಆಕ್ಕೈತಿ. ಬಾಜೂಕ ಕೊಯ್ದು ಸಾಫ್ ಮಾಡಿ ಕೂಡಿಸೇ ಬಿಡತೇನಿ."

ಪಂಚಮಿಯ ದಿನ ಒಲೆಯ ಮೇಲೆ ರೊಟ್ಟಿಯ ಹಂಚು ಇಡುವಂತಿಲ್ಲ, ಏನನ್ನೂ ಕೊಯ್ಯುವಂತಿಲ್ಲ. ನಾಗಪ್ಪನಿಗೆ ನೋವಾಗುತ್ತದೆ ಎಂದು ನಮ್ಮಲ್ಲಿ ಚಿಕ್ಕ ಕೂಸಿಗೂ ಗೊತ್ತು. ಅತ್ತೆ ಒಲೆಗೆ ಅಡ್ಡ ನಿಂತರು.

"ಏ ಮೂಳಾ, ಇವತ್ತ ಹಂಚ ಇಡಬಾರದು!"

"ಇದು ಹಂಚ ಅಲ್ಲ ಬೇ, ಡ್ಯಾಶ್‌ಬೋರ್ಡ್!"

"ಬೋರ್ಡರ ಇರಲಿ, ಏನರ ಇರಲಿ, ಕಾಸೂದಂದ್ರ ಕಾಸೂದ. ಒಯ್ಯಿ ಹೊರಗ!"

ಅತ್ತೆ ನನಗಾಗಿ ಅಡ್ಡ ನಿಂತವರಲ್ಲ, ನಾಗಪ್ಪನಿಗಾಗಿ. ಆದರೂ ಅಷ್ಟು ವರ್ಷದಲ್ಲಿ ಮೊದಲ ಸಲ ಅವರ ಮಾತು ನನಗೆ ಹಿತವೆನಿಸಿತು. ಇವರು ಡ್ಯಾಶ್‌ಬೋರ್ಡನ್ನು ಕೂಸಿನ ಹಾಗೆ ಎದೆಗೆ ಒತ್ತಿ ನಿಂತಿದ್ದರು, ಅಂಗಿ ಅದಕ್ಕೆ ಅಂಟಿಕೊಂಡಿತ್ತು.

"ನಾಳೆ ಹೋಗೂನು. ನಾಳೆ ಖಂಡಿತ ಒಣಗತೈತಿ," ಎಂದರು.

"ನಾಳೆ ಪಂಚಮಿ ಇರೂದಿಲ್ರಿ," ಎಂದು ನಾನು ಎದ್ದೆ.

"ಕರಿಯಾಕ ಯಾರೂ ಬರಲಾರದ ಒಬ್ಬಾಕಿನ ಹೋಗ್ತಿಯೇನ? ಮಂದಿ ಏನಂದಾರು?" ಎಂದರು ಅತ್ತೆ.

"ಮಂದಿಗೆ ನಿಮ್ಮ ಮಗನ ಬೋರ್ಡ ತೋರಸ್ರಿ," ಎಂದು ಹೇಳಿ ಕಾರಿನ ಮೂತಿ ಒರೆಸಿಕೊಂಡು ಹೊರಬಿದ್ದೆ. ಹಬ್ಬದ ಬಸ್ಸು, ಉಸಿರಾಡಲು ಜಾಗವಿರಲಿಲ್ಲ. ನಿಪ್ಪಾಣಿಯ ತನಕ ನಿಂತೇ ಹೋದೆ. ಎಲ್ಲ ಹೆಣ್ಣುಮಕ್ಕಳ ಪಕ್ಕದಲ್ಲೂ ಒಬ್ಬೊಬ್ಬ ಅಣ್ಣನೋ ತಮ್ಮನೋ ಇದ್ದ. ನನಗೆ ಅಳು ಬರುತ್ತಿತ್ತು, ಇವರಿಗಾಗಿ ಯಾಕೆ ಅಳಲಿ ಎಂದು ನುಂಗಿದೆ. ಆ ಡ್ಯಾಶ್‌ಬೋರ್ಡಿನ ಗತಿಯನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ: ದೀಪಾವಳಿಯ ಹೊತ್ತಿಗೆ ಒಣಗಿತು, ಒಣಗುತ್ತ ಸೊಟ್ಟಾಯಿತು, ಕಾರಿನೊಳಗೆ ಕೂರಲಿಲ್ಲ. ಕಾರು ಕೊನೆಗೂ ಗುಜರಿಗೇ ಹೋಯಿತು.

ಗಡಹಿಂಗ್ಲಜದಲ್ಲಿ ಇಳಿಯುವಾಗ ಹೊತ್ತು ಇಳಿಯುತ್ತಿತ್ತು. ಅವ್ವ ಓಣಿಯ ತಿರುವಿನಲ್ಲೇ ನಿಂತಿದ್ದಳು. ನನ್ನನ್ನು ನೋಡಿದಳು, ನನ್ನ ಹಿಂದಿನ ರಸ್ತೆಯನ್ನು ನೋಡಿದಳು.

"ಗಾಡಿ ಎಲ್ಲೈತಿ?"

"ಇಲ್ಲಬೇ. ನಾನೊಬ್ಬಾಕಿನ ಬಂದೇನಿ."

ಅವ್ವ ನನ್ನ ಚೀಲ ಇಸಿದುಕೊಂಡಳು. ಮನೆಯ ಮುಂದೆ ಬಂದಾಗ ಅಂಗಳ ಯಾಕೋ ಬೋಳಾಗಿ ಕಂಡಿತು. ಮುರುಮು ಮಣ್ಣು ಹಾಕಿ ಸಮ ಮಾಡಿದ್ದರು, ಸಾರಿಸಿದ್ದರು, ಸುತ್ತಲೂ ರಂಗೋಲಿ ಎಳೆದಿದ್ದರು. ಬೇವಿನ ಮರದ ರಸ್ತೆ ಕಡೆಯ ಟೊಂಗೆ ಇರಲಿಲ್ಲ. ಕಡಿದ ಜಾಗ ಬೆಳ್ಳಗಿತ್ತು.

ಅಣ್ಣ ನಗುತ್ತ ಹೊರಗೆ ಬಂದ.

"ನೋಡವಾ, ಎಷ್ಟ ದೊಡ್ಡ ಗಾಡಿ ಬಂದ್ರೂ ಹಿಡಸತೈತಿ. ಆ ಟೊಂಗಿ ಅಡ್ಡ ಬರತಿತ್ತು, ಹ್ವಾದ ವಾರ ಕಡಸಿ ಒಗದೇನಿ. ಎಲ್ಲಿ, ಗಾಡಿ ಹಿಂದ ಬರಾಕತ್ತೈತೇನ?"

"ಜೋಕಾಲಿ ಎಲ್ಲಿ ಕಟ್ಟತೀ ಅಣ್ಣಾ?"

"ಸ್ವಂತ ಕಾರ ಬರೂದೈತಿ, ನೀ ಏನ ಜೋಕಾಲಿ ಹಚ್ಚೀದಿ!"

ಥೂ ಅನ್ನಿಸಿತು. ಅಲ್ಲಿ ಒಬ್ಬ ಮೂರ್ಖ, ಇಲ್ಲಿ ಒಬ್ಬ ಮೂರ್ಖ, ನಡುವೆ ಇರದ ಕಾರೊಂದು. ಉಳಿದ ಟೊಂಗೆಗಳು ಎಳೆಯವು, ಒಬ್ಬಳ ಭಾರವನ್ನೂ ತಡೆಯುವಂಥವಲ್ಲ. ಆಗ ಅವ್ವ ಒಳಗಿನಿಂದ ಅಪ್ಪನ ಹಗ್ಗವನ್ನು ತಂದಳು. ಅದಕ್ಕೆ ಎಣ್ಣೆ ಸವರಿ, ಸುತ್ತಿ, ದೇವರ ಮುಂದೆ ಇಟ್ಟಿದ್ದಳಂತೆ. ಟೊಂಗೆ ಕಡಿದ ಮೇಲೂ ಇಟ್ಟಿದ್ದಳು. ಅದನ್ನು ಮಡಿಲಲ್ಲಿ ಹಾಕಿಕೊಂಡು ಆ ಸಾರಿಸಿದ ನೆಲದ ಮೇಲೆ ಕೂತಳು. ನಾನೂ ಅವಳ ಪಕ್ಕದಲ್ಲಿ ಕೂತೆ. ದೀಪ ಹಚ್ಚುವ ಹೊತ್ತಿನ ತನಕ, ಕಾರಿಗೆಂದು ಮಾಡಿದ ಆ ಜಾಗದಲ್ಲಿ ನಾವಿಬ್ಬರೇ ಇದ್ದೆವು.