ಒಂದೇ ಚೀಲದ ಕಾಳು

ಮಲ್ಲಿಕಾ ನಮ್ಮ ಶಲವಡಿಗೆ ಮೊದಲ ಸಲ ಬಂದದ್ದು ಹೋಳಿ ಹುಣ್ಣಿಮೆ ಮುಗಿದ ಮೇಲೆ, ಒಂದು ಸೋಮವಾರ ಮಧ್ಯಾಹ್ನ. ನಾನು ಕಟ್ಟೆಯ ಮೇಲೆ ಕೂತು ಕಡಲೆ ಹಸನು ಮಾಡುತ್ತಿದ್ದೆ. ಮಾಸಿದ ನೀಲಿ ಸೀರೆ, ಹೆಗಲಿಗೆ ಬಟ್ಟೆಯ ಚೀಲ, ಹಣೆ ಬರಿದು. ಬಿಸಿಲಲ್ಲಿ ಬಂದವಳು ನೀರು ಕೇಳಲಿಲ್ಲ.

"ಅಮ್ಮಾರ, ಮೈಲಾರವ್ವನ ಮನಿ ಯಾವುದ್ರಿ?"

"ಯಾವ ಮೈಲಾರವ್ವ? ಹುಬ್ಬಳ್ಳಿಗೆ ಹೋಗಿ ಕ್ರಿಸ್ತರ ಮಂದ್ಯಾಗ ಕೂಡಿದಾಕೇನು?"

"ಹೌದ್ರಿ. ಆಕಿ ಮಗಳು ನಾನು."

ಮೊರ ಕೆಳಗಿಟ್ಟೆ. ಮೈಲಾರವ್ವ ನನಗಿಂತ ಎರಡು ವರ್ಷ ದೊಡ್ಡವಳು. ಇಬ್ಬರೂ ಕೂಡಿ ಕೆರೆಗೆ ನೀರಿಗೆ ಹೋಗುತ್ತಿದ್ದೆವು. ಅವಳ ತವರುಮನೆ ಬಿದ್ದು ಹೋಗಿ, ಆ ಜಾಗದಲ್ಲಿ ಈಗ ಯಾರದೋ ಟ್ರ್ಯಾಕ್ಟರ್ ನಿಲ್ಲುತ್ತದೆ. ಅವ್ವ ಹೇಗಿದ್ದಾಳೆ ಎಂದು ಕೇಳಿದೆ. ಹೋದ ವರ್ಷ ತೀರಿಕೊಂಡಳಂತೆ. ಬಹಳ ದಿನ ಹಾಸಿಗೆ ಹಿಡಿದಿದ್ದಳಂತೆ, ಎತ್ತಿ ಇಳಿಸಿ ಮಾಡಿದವಳು ಇವಳೊಬ್ಬಳೇ.

"ಹಂಗಾರ ನಾ ನಿನಗ ಚಿಗವ್ವ ಆಗಬೇಕು. ಮ್ಯಾಲ ಬಾ, ಕೂಡು," ಅಂದೆ.

ಕೂತು ಬಂದ ಕಾರಣ ಹೇಳಿದಳು. ಹುಬ್ಬಳ್ಳಿಯಲ್ಲಿ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದಳು. ಆಫ್ರಿಕಾದ ಜಾಂಬಿಯಾ ಎಂಬಲ್ಲಿ ಅಂಥದೇ ಒಂದು ಶಾಲೆ ಇದೆ. ಅವರ ಮಿಶನ್ನಿನವರು ಒಂದು ವರ್ಷದ ಸೇವೆಗೆ ಅವಳನ್ನು ಆರಿಸಿದ್ದರು. ಊಟ, ಇರಲು ಖೋಲಿ ಅಲ್ಲಿಯವರು ಕೊಡುತ್ತಾರೆ. ವಿಮಾನದ ಖರ್ಚು ಅವಳೇ ಹತ್ತು ಮಂದಿಯನ್ನು ಕೇಳಿ ಕೂಡಿಸಬೇಕು. ಅದು ಅವರ ಪದ್ಧತಿ. ಅರ್ಧ ಅವರ ಚರ್ಚಿನಲ್ಲೇ ಆಗಿತ್ತು.

"ಈಸ್ಟರ್ ಹಬ್ಬದೊಳಗ ತುಂಬಲಿಲ್ಲ ಅಂದ್ರ ಆ ಜಾಗಾ ಮಂಗಳೂರು ಕಡಿ ಒಬ್ಬಾಕಿಗೆ ಹೋಗತೈತ್ರಿ. ಬರೂ ವರ್ಷ ನನಗ ನಲವತ್ತೈದು ತುಂಬತಾವು, ಆಮ್ಯಾಲ ತಗೊಳ್ಳೂದಿಲ್ಲ. ಅವ್ವನ ತವರೂರು ಐತೆಲ್ಲಾ ಅಂತ ಬಂದೆ."

"ಅಷ್ಟ ದೂರ ಹೋಗೂ ಆಸೆ ಯಾಕವಾ ನಿನಗ?"

"ಮದಿವಿ ಆಗಲಿಲ್ಲ. ಅವ್ವನ್ನ ನೋಡ್ಕೊಂಡೆ. ಯಾರ್‍ಯಾರೋ ಹೇಳಿದ್ದು ಮಾಡಕೋತ ಬಂದೆ. ಒಂದ ವರ್ಷ ನಾ ಬೇಡಿ ತಗೊಂಡ ಕೆಲಸಾ ಮಾಡಬೇಕು ಅನಸೇತಿ, ಚಿಗವ್ವ. ದೇವರ ಕೆಲಸಾನೂ ಹೌದು, ನನ್ನ ಆಸೇನೂ ಹೌದು."

ರೊಟ್ಟಿ ಉಣ್ಣು ಅಂದರೆ ಒಲ್ಲೆ ಅಂದಳು. ಆ ಹಬ್ಬದ ತನಕ ಮಧ್ಯಾಹ್ನ ಅವಳಿಗೆ ಉಪವಾಸ.

ರಾತ್ರಿ ನಮ್ಮಲ್ಲೇ ಉಳಿದು, ಮರುದಿನ ಮುಂಜಾನೆ ಅವಳೊಬ್ಬಳೇ ನಮ್ಮ ಓಣಿಯ ಕೆಂಚವ್ವನ ಮನೆಯಿಂದ ಬೇಡಲು ಶುರು ಮಾಡಿದಳು. ಬಾಗಿಲಿಗೆ ಚೀಲ ಹಿಡಿದವರು ಬಂದರೆ ನಮ್ಮಲ್ಲಿ ಕಾಳು ತರುತ್ತಾರೆ. ಕೆಂಚವ್ವ ಮೊರದ ತುಂಬ ಹೊಸ ಜೋಳ ತಂದಳು. ಮಲ್ಲಿಕಾ ಕೈ ಮುಗಿದು, "ಕಾಳು ಬ್ಯಾಡ್ರಿ, ಆದಷ್ಟ ರೊಕ್ಕಾ ಕೊಡ್ರಿ," ಅಂದಳಂತೆ. ಕೊಡಲೆಂದು ಹೊಸ್ತಿಲು ದಾಟಿಸಿದ ಕಾಳನ್ನು ನಾವು ಮತ್ತೆ ಒಳಗೆ ಒಯ್ಯುವುದಿಲ್ಲ. ಕೆಂಚವ್ವ ಅವಳ ಎದುರಿಗೇ ಆ ಜೋಳವನ್ನು ಕೋಳಿಗಳಿಗೆ ಚೆಲ್ಲಿದಳು. ಮಧ್ಯಾಹ್ನದೊಳಗೆ ಓಣಿಗೆಲ್ಲ ಸುದ್ದಿ. ಯಾವ ಬಾಗಿಲಿಗೆ ಹೋದರೂ "ಮನ್ಯಾಗ ಯಾರೂ ಇಲ್ಲ, ಮುಂದ ಹೋಗವಾ" ಎಂಬ ಮಾತು.

ಕೊಟ್ಟ ಕಾಳನ್ನು ಒಲ್ಲೆ ಅನ್ನಬಾರದು, ಆಮೇಲೆ ಮಾರಿ ರೊಕ್ಕ ಮಾಡಿಕೊಳ್ಳಬಹುದು ಎಂದು ಸಂಜೆ ಅವಳಿಗೆ ತಿಳಿಸಿ ಹೇಳಿದೆ. ಮರುದಿನ ನಾನೂ ಜೊತೆಗೆ ಹೋದೆ. ಮೊದಲು ಕೆಂಚವ್ವನಲ್ಲಿಗೇ ಹೋಗಿ, "ಮೈಲಾರವ್ವನ ಮಗಳ ಬೇ ಈಕಿ, ಪ್ಯಾಟ್ಯಾಗ ಬೆಳದಾಕಿ," ಎಂದೆ. ಮೈಲಾರವ್ವನ ಹೆಸರು ಕೇಳಿ ಕೆಂಚವ್ವ ಮತ್ತೆ ಮೊರ ತುಂಬಿ ತಂದಳು. ಮಲ್ಲಿಕಾ ಚೀಲ ಒಡ್ಡಿದಳು.

ಗುಡಿಯ ಕಟ್ಟೆಯ ಮೇಲಿದ್ದ ಶಿದ್ಲಿಂಗಪ್ಪ ಕೂಗಿದ: "ಏನಬೇ, ಊರ ಮಂದಿನ್ನ ಜಾತಿಗೆಡಸಾಕ ಬಂದಿಯೇನು?"

"ಇಲ್ರಿ ಕಾಕಾ, ನಾನ ದೇಶಾ ಬಿಟ್ಟ ಹೋಗಾಕ ಬಂದೇನ್ರಿ."

ಸಿಟ್ಟಿನಲ್ಲಿದ್ದವನಿಗೂ ನಗೆ ಬಂತು. ಕಿಸೆಯಿಂದ ಒಂದು ನೋಟು ತೆಗೆದ. "ಹಂಗಾರ ತಗೋ. ಲಗೂನ ಹೋಗು."

ಖಾದರಬಿಯಂತೂ ಹೆಸರುಕಾಳು ಸುರುವುತ್ತ ಬಾಯಿ ಬಿಟ್ಟೇ ಕೇಳಿದಳು: "ನಮ್ಮ ಹುಡುಗೂರು ಸೌದಿಗೆ ಹೋಗಿ ಮನಿಗೆ ರೊಕ್ಕಾ ಕಳಸ್ತಾರ. ನೀ ಹೋಗಾಕನ ರೊಕ್ಕಾ ಬೇಡ್ತಿ. ಇದೆಂಥಾ ನೌಕರಿ ಬೇ?"

"ನನಗೂ ಹಂಗ ಅನಸತೈತ್ರಿ," ಅಂದಳು ಮಲ್ಲಿಕಾ. ಇಬ್ಬರೂ ನಕ್ಕರು.

ನನ್ನ ಮೊಣಕಾಲು ಅಷ್ಟಕ್ಕೇ ಸೋತವು. ಉಳಿದ ಓಣಿಗಳಿಗೆ, ಆಮೇಲೆ ಆಚೆಯ ಊರು ಮೊರಬಕ್ಕೆ, ಅವಳೊಬ್ಬಳೇ ಹೋದಳು. ಬಸ್ ತಪ್ಪಿದ ದಿನ ಟ್ರ್ಯಾಕ್ಟರಿನಲ್ಲಿ ಬರುವಳು, ಅದೂ ಇಲ್ಲದ ದಿನ ನಡೆದು ಬರುವಳು. ಚಪ್ಪಲಿಯ ಉಂಗುಟ ಕಿತ್ತಿತ್ತು, ದಾರ ಕಟ್ಟಿಕೊಂಡಿದ್ದಳು. ಒಂದು ಸಂಜೆ ಚೀಲಗಳನ್ನು ನನ್ನ ಪಡಸಾಲೆಯಲ್ಲಿ ಸುರಿದಳು. ಜೋಳ, ಗೋಧಿ, ಕಡಲೆ, ಹೆಸರು ಎಲ್ಲಾ ಕೂಡಿ ಒಂದೇ ರಾಶಿ. ಕಾಳು ಬೇಡುವವರು ಒಂದೊಂದಕ್ಕೆ ಒಂದೊಂದು ಚೀಲ ಇಟ್ಟುಕೊಂಡಿರುತ್ತಾರೆ. ಅಂಗಡಿಯ ಪಾಕೀಟಿನಲ್ಲಿ ಕಾಳು ಕಂಡವಳಿಗೆ ಅದು ಗೊತ್ತಿರಲಿಲ್ಲ. ಯಾವುದನ್ನೂ ಒಲ್ಲೆ ಅನ್ನಬಾರದು ಎಂಬುದನ್ನಷ್ಟೇ ಹಿಡಿದಿದ್ದಳು.

ಅಣ್ಣಿಗೇರಿಯಲ್ಲಿ ಕಾಳು ಕೊಳ್ಳುವ ಅಡತಿ ಅಂಗಡಿಯವನು ಚೀಲದಲ್ಲಿ ಕೈ ಹಾಕಿ, "ಇದ ಕೋಳಿಗೆ ಹಾಕೂ ಮಾಲು," ಎಂದು ಕೋಳಿಯ ಕಾಳಿನ ದರವನ್ನೇ ಹೇಳಿದ. ತಿರುಗಿ ಹೊತ್ತು ತಂದಳು.

ಹಬ್ಬ ಹತ್ತಿರ ಬಂದಿತ್ತು. ದಿನವೆಲ್ಲ ಇಬ್ಬರೂ ಆರಿಸಲು ಕೂತೆವು. ಸಾಣಿಗೆ ಹಿಡಿದರೆ ಕಡಲೆ ಮೇಲೆ ನಿಲ್ಲುತ್ತದೆ. ಜೋಳ, ಹೆಸರು, ಗೋಧಿ ಕೂಡಿಯೇ ಇಳಿಯುತ್ತವೆ. ಅವನ್ನು ಕೈಯಿಂದಲೇ ಬಿಡಿಸಬೇಕು. ಬಿಡಿಸುತ್ತ ತನ್ನ ಶಾಲೆಯ ಮಕ್ಕಳ ಮಾತು ಹೇಳುವಳು. ಕೇಳದ ಮಗುವಿನ ಅಂಗೈಯನ್ನು ತನ್ನ ಗಂಟಲಿಗೆ ಹಚ್ಚಿಕೊಂಡು 'ಅವ್ವ' ಅನ್ನುವಳಂತೆ. ಗಂಟಲು ನಡುಗಿದ್ದು ಮಗುವಿನ ಕೈಗೆ ತಿಳಿಯುತ್ತದಂತೆ. ನನ್ನ ಕೈಯನ್ನೂ ಹಚ್ಚಿಸಿಕೊಂಡು ತೋರಿಸಿದಳು. ಉಪವಾಸಕ್ಕೆ, ಓಡಾಟಕ್ಕೆ ಅವಳ ಕೊರಳು ಬಡವಾಗಿತ್ತು. ಹೇಳುತ್ತ ಹೇಳುತ್ತ ಗೋಡೆಗೆ ಒರಗಿ ನಿದ್ದೆ ಹೋಗುವಳು, ಮುಷ್ಟಿಯಲ್ಲಿ ಕಾಳು ಹಾಗೇ ಇರುತ್ತಿತ್ತು.

ಹಬ್ಬದ ಮುಂಚಿನ ಶನಿವಾರ ಅವಳ ಮೊಬೈಲ್ ರಿಂಗಾಯಿತು. ರಾಶಿ ಇನ್ನೂ ಅರ್ಧ ಉಳಿದಿತ್ತು. "ಆತ್ರಿ," ಅಂದಳು. ಮತ್ತೊಮ್ಮೆ "ಆತ್ರಿ," ಅಂದು ಇಟ್ಟಳು.

"ಮಂಗಳೂರಾಕಿಗೆ ಕೊಟ್ರಂತ, ಚಿಗವ್ವ."

ಮೊರದಲ್ಲಿ ಇದ್ದಷ್ಟನ್ನು ಆರಿಸಿ ಮುಗಿಸಿ ಎದ್ದಳು.

ಹಬ್ಬಕ್ಕೆ ಹುಬ್ಬಳ್ಳಿಗೆ ಹೋದವಳು ಆ ವಾರದಲ್ಲೇ ತಿರುಗಿ ಬಂದಳು, ರೊಕ್ಕ ಕೊಟ್ಟವರಿಗೆ ರೊಕ್ಕ ಮುಟ್ಟಿಸಲು. ಶಾಲೆಯಲ್ಲಿ ಅವಳ ಜಾಗಕ್ಕೆ ಆಗಲೇ ಬೇರೆಯವಳನ್ನು ತೆಗೆದುಕೊಂಡಿದ್ದರು. ಬೀದರ ಕಡೆ ಒಂದು ಹಾಸ್ಟೆಲಿನಲ್ಲಿ ಕೆಲಸ ಇದೆ, ಮರುದಿನ ಹೋಗಬೇಕು ಅಂದಳು. ಅವೇ ಬಾಗಿಲುಗಳನ್ನು ಮತ್ತೆ ಹತ್ತಿ ಇಳಿದಳು. ಬೇಡುವಾಗ ಇಷ್ಟು ಭಾರ ಆಗಿರಲಿಲ್ಲ ಅಂದಳು. ಶಿದ್ಲಿಂಗಪ್ಪ ಈ ಸಲ ಚೇಷ್ಟೆ ಮಾಡಲಿಲ್ಲ. ನೋಟು ಇಸಿದುಕೊಂಡು, "ಹೋಗಬೇಕಿತ್ತವಾ ನೀನು," ಅಂದನಂತೆ.

ಕಾಳನ್ನು ಮಾತ್ರ ಯಾರೂ ತಿರುಗಿ ತೆಗೆದುಕೊಳ್ಳಲಿಲ್ಲ. "ಮನಿಮಗಳಿಗೆ ಕೊಟ್ಟದ್ದು, ಹೊಳ್ಳಿ ಒಳಗ ತರಾಕ ಬರೂದಿಲ್ಲ," ಅಂದಳು ಕೆಂಚವ್ವ.

ಹೊತ್ತು ಇಳಿದಿತ್ತು. ಮಲ್ಲಿಕಾ ಬಂದು ನನ್ನ ಪಡಸಾಲೆಯಲ್ಲಿ, ಆರಿಸಿಟ್ಟ ಜೋಳದ ಚೀಲದ ಬಾಜೂಕ ಕೂತಳು. ಮುಂಜಾನೆಯಿಂದ ಬರೀ ಚಹಾದ ಮೇಲೆ ಇದ್ದಳು. ನಾನು ಒಲೆ ಹೊತ್ತಿಸಲು ಎದ್ದೆ. ಅವಳು ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ಜೋಳ ತೆಗೆದು ನೋಡುತ್ತಿದ್ದಳು.

"ಚಿಗವ್ವ," ಅಂದಳು, "ಹೋಗತೇನಂತ ಬೇಡಿದ ಕಾಳು ಇದು, ನಾ ಹೋಗಲಿಲ್ಲ. ಇದನ್ನ ಬೀಸಿ ಒಂದ ರೊಟ್ಟಿ ಮಾಡ್ಕೊಂಡು ನಾ ಉಂಡ್ರ ತಪ್ಪಾಗತೈತೇನು?"